ಈಶಾನ್ಯ ಮೂಲೆಯ ಕೆರಿಯರ್

ಮನೆಯಲ್ಲಿ ಸೆಕೆಂಡ್ ಪಿಯುಸಿ ಮುಗಿಸಿದ ಮಗಳೊಬ್ಬಳಿದ್ದರೆ ಹೊಸ್ತಿಲು ದಾಟಿ ಬಂದವರೆಲ್ಲ ಕೆರಿಯರ್ ಕೌನ್ಸೆಲರ್‌ಗಳೇ. ಗ್ಯಾಸ್ ಸಿಲಿಂಡರ್ ತಂದವನು ಅದನ್ನು ಹೆಗಲಿಂದ ಇಳಿಸುವ ಮೊದಲೇ, "ಎಐ ಕೊಡ್ಸಿ ಸಾರ್, ಈಗ ಅದೇ ಓಡ್ತಿರೋದು" ಎಂದ. ಇಸ್ತ್ರಿಯವನು ನನ್ನ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತಿ ಹಿಡಿದು, "ಮೆಕ್ಯಾನಿಕಲ್ ಮಾತ್ರ ಬೇಡಿ ಸಾರ್. ನನ್ ಮಗ ಮೆಕ್ಯಾನಿಕಲ್ಲೇ ಓದಿದ್ದು. ಈಗ ಬೆಂಗಳೂರಲ್ಲಿ ಕೂತ್ಕೊಂಡು ಕೋಡಿಂಗ್ ಮಾಡ್ತಾವ್ನೆ" ಎಂದ. ಅವನ ಮಗನ ಚಿಂತೆಯಲ್ಲಿ ನನ್ನ ಕಾಲರ್ ಕಂದು ಬಣ್ಣಕ್ಕೆ ತಿರುಗಿತು. ನಿಮ್ಮ ಮನೆಯ ಕಥೆಯೂ ಇದೇ ಎಂದು ನನಗೆ ಗೊತ್ತು. ಅಂಗಿ ಬೇರೆ ಇರಬಹುದು, ಅಷ್ಟೆ.

ಊರವರೆಲ್ಲ ಪುಕ್ಕಟೆ ಸಲಹೆ ಕೊಡುತ್ತಿರುವಾಗ ಹೆತ್ತ ಅಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯೆ? ನಾನು ಮೈಸೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಸೀನಿಯರ್ ಎಕ್ಸಿಕ್ಯುಟಿವ್. ನನ್ನ ಕೈಕೆಳಗೆ ವೋಚರ್ ಅಂಟಿಸಲು ಕಲಿತ ಹುಡುಗರೆಲ್ಲ ಮ್ಯಾನೇಜರ್‌ಗಳಾಗಿ ಹೋದರು. ನಾನು ಮಾತ್ರ ಸೀನಿಯರ್ ಆಗಿಯೇ ಉಳಿದಿದ್ದೇನೆ. ಇಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗಲ್ಲದೆ ಇನ್ಯಾರಿಗಿದ್ದೀತು ಮಾರ್ಗದರ್ಶನ ಮಾಡುವ ಯೋಗ್ಯತೆ?

ಒಂದು ಭಾನುವಾರ ಹಜಾರದಲ್ಲಿ ಸಭೆ ಕರೆದೆ. ಓದುವ ಕನ್ನಡಕ ಏರಿಸಿ, ಬಿಳಿ ಹಾಳೆಯ ಮೇಲೆ 'ಸ್ಪಷ್ಟತೆ' ಎಂದು ಬರೆದು ಅಡಿಗೆರೆ ಎಳೆದೆ. ಕೆಳಗೆ ಏನು ಬರೆಯಬೇಕೆಂದು ತೋಚದೆ ಇನ್ನೊಂದು ಅಡಿಗೆರೆ ಎಳೆದೆ.

ಮಗಳು ಪುಟ್ಟಿ ಕೇಳಿದಳು: "ಅಪ್ಪ, ನೀನ್ಯಾಕೆ ಕಾಮರ್ಸ್ ತಗೊಂಡೆ?"

"ನನಗೆ ಚಿಕ್ಕಂದಿನಿಂದಲೂ ಅಂಕಿಗಳ ಮೇಲೆ ಒಂದು ಒಲವು" ಎಂದೆ, ಗಂಟಲು ಸರಿಮಾಡಿಕೊಂಡು.

ಅಡುಗೆಮನೆಯಲ್ಲಿ ಸೌಟು ನಿಂತಿತು. ನನ್ನಾಕೆಯ ತಲೆ ಬಾಗಿಲಲ್ಲಿ ಮೂಡಿತು. "ಅಂಕಿ ಅಲ್ಲ ಕಣೇ, ನೆರಳು. ಸೈನ್ಸ್ ಫಾರಂ ಕೊಡೋ ಕ್ಯೂ ಬಿಸಿಲಲ್ಲಿತ್ತಂತೆ, ಕಾಮರ್ಸ್ ಕ್ಯೂ ಹೊಂಗೆಮರದ ಕೆಳಗಿತ್ತಂತೆ. ನಿಮ್ಮಪ್ಪ ನೆರಳು ನೋಡ್ಕೊಂಡು ನಿಂತ್ರು. ಮದುವೆಯಾದ ಹೊಸದ್ರಲ್ಲಿ ಅವರೇ ಹೇಳಿದ್ದು."

ಹೊಸದಾಗಿ ಮದುವೆಯಾದ ಗಂಡಸರು ಇದನ್ನು ದಯವಿಟ್ಟು ಗಮನಿಸಬೇಕು. ಮಧುಚಂದ್ರದಲ್ಲಿ ಹೇಳಿದ್ದೆಲ್ಲ ದಾಖಲಾಗಿರುತ್ತದೆ.

ನಾನು ಸೋಲೊಪ್ಪದೆ ಟ್ಯಾಲಿಯ ಉದಾಹರಣೆ ಕೊಟ್ಟೆ. ನನಗೆ ಅನ್ನ ಹಾಕಿದ ಸಾಫ್ಟ್‌ವೇರ್ ಅದು, ಗೌರವದಿಂದಲೇ ಹೇಳಿದೆ: "ನೋಡು, ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅಂತ ಒಬ್ಬರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್‌ಗೆ ನೀನೇ ಒಂದು ಬರೆದುಕೊಡು ಅಂದ್ರು. ಅಪ್ಪನ ಒಂದು ಮಾತಿಗೆ 1986ರಲ್ಲಿ ಕಂಪನಿಯೇ ಹುಟ್ಟಿತು. ಅಪ್ಪ ದಾರಿ ತೋರಿಸೋದು ಅಂದ್ರೆ ಅದು."

"ನಿಮ್ಮಪ್ಪ ನಿಮಗೇನು ಹೇಳಿದ್ರು?" ಇದು ನನ್ನಾಕೆ.

ನಮ್ಮಪ್ಪ ಸೀಮೆಎಣ್ಣೆ ತಾ ಎಂದು ಕಳಿಸಿದ್ದರು. ನಾನು ಡಬ್ಬ ಬಿಟ್ಟು ಹೋಗಿದ್ದೆ. ಸಭೆ ಅಲ್ಲಿಗೇ ಮುಗಿಯಿತು.

ನನ್ನ ಕೆರಿಯರ್ ಏಕೆ ನಿಂತಲ್ಲೇ ನಿಂತಿದೆ ಎಂಬುದಕ್ಕೆ ನಮ್ಮ ಅತ್ತೆಯವರ ಬಳಿ ಬಹಳ ಹಿಂದಿನಿಂದಲೂ ಉತ್ತರವಿತ್ತು. ಅವರ ಪ್ರಕಾರ ದೋಷ ನನ್ನದಲ್ಲ, ಮನೆಯ ಈಶಾನ್ಯ ಮೂಲೆಯದು. ಅಲ್ಲಿ ನನ್ನ ಹಳೆಯ ಕೇರಂ ಬೋರ್ಡು, ಮುರಿದ ಫ್ಯಾನು, ಒಂಟಿ ಚಪ್ಪಲಿ ಇದ್ದವು. "ಅಳಿಯಂದ್ರೇ, ಈಶಾನ್ಯದಲ್ಲಿ ನೀರಿರಬೇಕು. ನೀವು ಪ್ರಮೋಷನ್ ತಲೆ ಮೇಲೆ ಫ್ಯಾನ್ ಇಟ್ಟಿದೀರಿ" ಎಂದರು. ಪುಟ್ಟಿ ಆಗ ಹೈಸ್ಕೂಲಿನಲ್ಲಿದ್ದಳು. ವಾಸ್ತುವಿನಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಪ್ರೈಸಲ್ ಹತ್ತಿರವಿತ್ತು. ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ, ಗೋಲ್ಡ್‌ಫಿಷ್, ಎಲ್ಲವನ್ನೂ ತಂದು ಮೂಲೆಯಲ್ಲಿ ಪ್ರತಿಷ್ಠಾಪಿಸಿದೆ.

ಮೀನುಗಳು ಸಾಯತೊಡಗಿದವು. ನಾನು ಶ್ರದ್ಧಾವಂತ. ಭಾನುವಾರ ಬಂತೆಂದರೆ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿ, ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ಅದ್ದಿ ಹಿಂಡಿ, ನಲ್ಲಿಯಿಂದ ತಾಜಾ ನೀರು ತುಂಬುತ್ತಿದ್ದೆ. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಸೋಮವಾರಕ್ಕೆ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅತ್ತೆಯವರು ಅದಕ್ಕೂ ಸಮಾಧಾನ ಹೇಳಿದರು: "ನಿಮಗೆ ಬರೋ ಗಂಡಾಂತರ ಅದಕ್ಕೆ ಹೋಯ್ತು ಬಿಡಿ." ನನಗೆ ವಾರಕ್ಕೊಂದು ಗಂಡಾಂತರವಿದೆ ಎಂಬುದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಪ್ರಮೋಷನ್ ಬರಲಿಲ್ಲ. ಮೀನಿನ ಅಂಗಡಿಯವನಿಗೆ ಬಂದಿರಬೇಕು, ಎರಡನೆಯ ಅಂಗಡಿ ತೆರೆದ.

ಇದರಿಂದ ರೋಸಿಹೋದ ಪುಟ್ಟಿ ಎಲ್ಲೆಲ್ಲಿಂದಲೋ ಓದಿಕೊಂಡು ಬಂದು ಒಂದು ದಿನ ನನ್ನ ಕೈಯಿಂದ ಸ್ಪಂಜು ಕಿತ್ತುಕೊಂಡಳು. "ಅಪ್ಪ, ನೀನು ತೊಳೀತಿರೋದೇ ಅವು ಸಾಯೋದಕ್ಕೆ ಕಾರಣ" ಎಂದು ಪಾಠ ಶುರುಮಾಡಿದಳು. ಮೀನಿನ ಗಲೀಜಿನಿಂದ ನೀರಿನಲ್ಲಿ ಅಮೋನಿಯ ಆಗುತ್ತದಂತೆ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನವೆರಡೂ ವಿಷ, ಕೊನೆಯದು ಅಷ್ಟು ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಗಳು ಸಂಸಾರ ಹೂಡುವುದು ಸ್ಪಂಜಿನಲ್ಲಿ, ಕಲ್ಲುಗಳ ಮೈಮೇಲೆ. ಅವು ನೆಲೆಯೂರಲು ವಾರಗಟ್ಟಲೆ ಬೇಕು. ನಾನು ಪ್ರತಿ ಭಾನುವಾರ ಸೋಪು ಹಿಡಿದು ಅವುಗಳ ಮನೆ ಒಕ್ಕಲೆಬ್ಬಿಸುತ್ತಿದ್ದೆ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ನು.

ಅವಳು ಬಕೆಟ್ಟಿನಲ್ಲಿ ಇಡೀ ರಾತ್ರಿ ನೀರು ತೆರೆದಿಟ್ಟು, ಒಂದು ಪಾಲು ಮಾತ್ರ ಬದಲಾಯಿಸಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಅಲುಬಿ ಹಾಕಿದಳು. ತೊಟ್ಟಿ ನೋಡಲು ಸ್ವಲ್ಪ ಪಾಚಿಪಾಚಿಯಾಯಿತು. ಮೀನುಗಳು ಸಾಯುವುದನ್ನು ನಿಲ್ಲಿಸಿದವು. ಕೆಲಸವೇ ಮಾಡದೆ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ನನ್ನ ಆಫೀಸಿನ ಅನುಭವವನ್ನು ಮೀನುಗಳೂ ಅನುಮೋದಿಸಿದ್ದು ಕಂಡು ನನಗೆ ಸಂತೋಷವಾಯಿತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಸಿಇಟಿ ರ‍್ಯಾಂಕ್ ಬಂದ ರಾತ್ರಿ ಊಟಕ್ಕೆ ಕೂತಾಗ ಪುಟ್ಟಿ, "ನಾನು ಫಿಶರೀಸ್ ಮಾಡ್ತೀನಿ" ಎಂದಳು.

ನನ್ನ ಕೈಯಲ್ಲಿದ್ದ ಹುಳಿಯನ್ನ ಕೈಯಲ್ಲೇ ಉಳಿಯಿತು. ನಮ್ಮದು ಮೊಟ್ಟೆ ಹಾಕಿದ ಕೇಕ್ ತಂದರೂ ಬಾಲ್ಕನಿಯಲ್ಲೇ ತಿಂದು ಮುಗಿಸಬೇಕಾದ ಮನೆ. ಅವಳು ಮಾತ್ರ ಎಲ್ಲ ಮಾಹಿತಿ ಕಲೆಹಾಕಿದ್ದಳು. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. 1969ರಲ್ಲಿ ಶುರುವಾದದ್ದು. ದೇಶದಲ್ಲೇ ಮೊದಲ ಫಿಶರೀಸ್ ಕಾಲೇಜು. ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗಿದೆ. ಕೋರ್ಸು ನಾಲ್ಕು ವರ್ಷ. ಸೀಟು ಸಿಇಟಿಯಲ್ಲೇ.

"ಕಂಪ್ಯೂಟರ್ ಸೈನ್ಸ್ ಏನಾಯ್ತು?" ಎಂದೆ.

"ಅದಕ್ಕೇನೂ ಆಗಿಲ್ಲ, ಚೆನ್ನಾಗೇ ಇದೆ. ನನಗೆ ಬೇಡ."

ನಾನು ಅತ್ತೆಯವರ ಕಡೆ ಆಸೆಯಿಂದ ನೋಡಿದೆ. ಈರುಳ್ಳಿಗೇ ಅಡುಗೆಮನೆಗೆ ಪ್ರವೇಶ ಕೊಡದ ಮಡಿವಂತೆ ಅವರು. ಇಂಥ ಸಂದರ್ಭದಲ್ಲಿ ಅವರಲ್ಲದೆ ನನಗೆ ಬೇರೆ ಯಾರು ಗತಿ? ಅತ್ತೆಯವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ದಶಾವತಾರದಲ್ಲಿ ಮೊದಲನೇದು ಯಾವುದು?" ಎಂದರು.

ಯಾರೂ ಮಾತಾಡಲಿಲ್ಲ.

"ಮತ್ಸ್ಯ. ವೇದ ಉಳಿಸಿದ್ದು ಯಾರು? ಮೀನು. ಮಗು ಭಗವಂತನ ಮೊದಲನೇ ಅವತಾರ ಓದ್ತೀನಿ ಅಂತಿದೆ, ನೀವು ಕಂಪ್ಯೂಟರ್ ಅಂತೀರಲ್ಲ ಅಳಿಯಂದ್ರೇ. ಕಂಪ್ಯೂಟರ್ ಎಷ್ಟನೇ ಅವತಾರ?"

ನಾನು ಕೊನೆಯ ಅಸ್ತ್ರವಾಗಿ ವಿಶ್ವೇಶ್ವರಯ್ಯನವರನ್ನು ಕರೆದೆ. ಮೈಸೂರಿನಲ್ಲಿ ಹುಟ್ಟಿ, ಕನ್ನಂಬಾಡಿ ನೀರು ಕುಡಿದು, ಇಂಜಿನಿಯರಿಂಗ್ ಬೇಡವೆನ್ನುವುದೆ? ಪುಟ್ಟಿ ತಟ್ಟೆಯಿಂದ ತಲೆಯೆತ್ತದೆ, "ಅವರು ಮೊದಲು ಓದಿದ್ದು ಬಿ.ಎ., ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ. ಇಂಜಿನಿಯರಿಂಗ್ ಆಮೇಲೆ, ಪುಣೆಯಲ್ಲಿ" ಎಂದಳು. ಕನ್ನಂಬಾಡಿಯೂ ಕೈಕೊಟ್ಟಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೆಂಟರ ಹುಡುಗಿಗೆ ತನಗೇನು ಬೇಕೆಂದು ಗೊತ್ತು. ತಲೆ ನರೆತವನಿಗೆ? ನನಗೇನು ಬೇಕು ಎಂದು ಕೇಳಿಕೊಂಡಾಗ ಮೊದಲು ಹೊಳೆದದ್ದು ಫ್ರಿಜ್ಜಿನಲ್ಲಿದ್ದ ಮೈಸೂರುಪಾಕು. ಅದನ್ನು ಪೂರೈಸಿಕೊಂಡು ಬಂದು ಮತ್ತೆ ಕೇಳಿಕೊಂಡೆ. ಉತ್ತರ ಬರಲಿಲ್ಲ.

ಹಾಗಾಗಿ ಮರುವಾರವೇ ಗುಟ್ಟಾಗಿ ಒಂದು ಬೆರಳಚ್ಚಿನ ಪರೀಕ್ಷೆಗೆ ಹೋದೆ. ಹತ್ತು ಬೆರಳುಗಳ ಗೆರೆ ನೋಡಿ ನಮ್ಮ ಬುದ್ಧಿ ಎಂಥದ್ದು, ಯಾವ ಕೆಲಸಕ್ಕೆ ಲಾಯಕ್ಕು ಎಂದು ಹೇಳುತ್ತಾರೆ. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ಸಾಯುವವರೆಗೆ ಬದಲಾಗುವುದಿಲ್ಲ, ಇಷ್ಟು ನಿಜ. ಅಲ್ಲಿಂದ ಮುಂದೆ ಅಕೌಂಟೆಂಟೋ ಆರ್ಕಿಟೆಕ್ಟೋ ಎಂದು ಹೇಳುವುದಕ್ಕೆ ಯಾವ ವಿಜ್ಞಾನದ ಬೆಂಬಲವೂ ಇಲ್ಲ. ಇದು ನನಗೆ ಹೋಗುವ ಮೊದಲೇ ಗೊತ್ತಿತ್ತು. ಆದರೂ ಕೈ ಮುಂದೆ ಚಾಚಿದರೆ ಯಾರಾದರೂ 'ನಿಮ್ಮಲ್ಲಿ ನಾಯಕತ್ವ ಗುಣ ಇದೆ' ಅಂದಾರು ಎಂಬ ಆಸೆ ಯಾರಿಗಿರುವುದಿಲ್ಲ ಹೇಳಿ?

ಮೆಷಿನ್ನು ನನ್ನ ಬೆರಳನ್ನು ಹಿಡಿಯಲೇ ಇಲ್ಲ. ಒರೆಸಿದರು, ಊದಿದರು, ಕ್ರೀಮು ಹಚ್ಚಿದರು. "ಗೆರೆ ಸವೆದುಹೋಗಿದೆ ಸಾರ್. ಮನೇಲಿ ಪಾತ್ರೆ ನೀವೇ ತಿಕ್ಕೋದಾ?" ಎಂದು ಆ ಹುಡುಗ ನಾಲ್ಕು ಜನರೆದುರು ಗಟ್ಟಿಯಾಗಿ ಕೇಳಿದ. ದುಡ್ಡು ಕೊಟ್ಟು ಹೊರಗಿನವರಿಂದ ತಿಳಿದುಕೊಳ್ಳಬೇಕಾದ ವಿಷಯವೆ ಇದು?

ಅಂತೂ ಬಣ್ಣಬಣ್ಣದ ರಿಪೋರ್ಟ್ ಬಂತು. ಅದರಲ್ಲಿ ಮನುಷ್ಯರನ್ನು ನಾಲ್ಕು ಹಕ್ಕಿಗಳಾಗಿ ವಿಂಗಡಿಸಿರುತ್ತಾರೆ: ಹದ್ದು, ನವಿಲು, ಪಾರಿವಾಳ, ಗೂಬೆ. ಹದ್ದು ಮುನ್ನುಗ್ಗುವವನು, ನವಿಲು ಮೆರೆಯುವವನು, ಪಾರಿವಾಳ ಸೌಮ್ಯ. ನಾನು ಮನಸ್ಸಿನಲ್ಲೇ ಹದ್ದಿಗೆ ಟವಲ್ ಹಾಕಿದ್ದೆ. ತೀರಾ ಆಗದಿದ್ದರೆ ನವಿಲು.

ರಿಪೋರ್ಟನ್ನು ಬ್ಯಾಗಿನ ತಳದಲ್ಲಿ ಅಡಗಿಸಿಟ್ಟಿದ್ದೆ. ಟಿಫನ್ ಡಬ್ಬ ತೆಗೆಯಲು ಹೋದ ನನ್ನಾಕೆಯ ಕೈಗೇ ಸಿಕ್ಕಿತು. ಅವಳು ಅದನ್ನು ಪೂರ್ತಿ ಓದಿ, ಮಡಿಸಿ ಇಟ್ಟು, "ನಮ್ಮಮ್ಮ ಇದನ್ನ ಲಗ್ನಪತ್ರಿಕೆ ಬರೆಸೋ ದಿನವೇ ಹೇಳಿದ್ಲು ರೀ. ಅವಳೇನೂ ಫೀಸ್ ತಗೊಂಡಿರಲಿಲ್ಲ" ಎಂದಳು. ಗೂಬೆ ಎಂದರೆ ವಿಶ್ಲೇಷಕ, ಸೂಕ್ಷ್ಮಗ್ರಾಹಿ ಎಂದು ನಾನು ವಾರವಿಡೀ ಮನೆಯವರಿಗೆ ವಿವರಿಸಿದೆ. ಹಾಲಿನವನಿಗೂ ಗೊತ್ತಾಯಿತು.

ಅತ್ತೆಯರ ಈ ಶಕ್ತಿ ನಮ್ಮ ದೇಶಕ್ಕೆ ಸೀಮಿತವೇನೂ ಅಲ್ಲ. ಆಫೀಸುಗಳಲ್ಲಿ ಹಂಚುವ, ಮನುಷ್ಯರನ್ನು ಹದಿನಾರು ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪ್ರಶ್ನಾವಳಿ ಇದೆಯಲ್ಲ, ಅದರ ಮೂಲವೂ ಒಂದು ಮನೆಯೇ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕ್ಯಾಥರಿನ್ ಬ್ರಿಗ್ಸ್ ಎಂಬ ತಾಯಿಯ ಮುಂದೆ ಮಗಳು ಇಸಬೆಲ್ ತಾನು ಮದುವೆಯಾಗಲಿರುವ ಹುಡುಗನನ್ನು ತಂದು ನಿಲ್ಲಿಸಿದಳು. ತಮ್ಮ ಮನೆಯವರಂತೆ ಇಲ್ಲವೇ ಇಲ್ಲ ಈ ಹುಡುಗ, ಇವನು ಯಾವ ಬಗೆಯವನು ಎಂಬ ಯೋಚನೆ ತಾಯಿಗೆ ಹತ್ತಿತು. ಅಲ್ಲಿಂದ ಬೆಳೆದದ್ದು ಅದು. ತಾಯಿ ಮಗಳು ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಅಳಿಯ ಅರ್ಥವಾಗದೆ ಅತ್ತೆ ಪಟ್ಟ ಪಾಡಿಗೆ ಇಂದು ಲೋಕದ ಆಫೀಸುಗಳೆಲ್ಲ ಉತ್ತರ ಬರೆಯುತ್ತಿವೆ. ನಮ್ಮ ಅತ್ತೆಯವರು ಮೊದಲ ಯುಗಾದಿಗೆ ನಾನು ಹೋಳಿಗೆ ಬಡಿಸಿಕೊಂಡ ರೀತಿ ನೋಡಿಯೇ ನನ್ನ ವಿಂಗಡಣೆ ಮುಗಿಸಿದ್ದರು.

ಆಮೇಲೆ ನಾಲ್ಕು ವೃತ್ತಗಳ ಚಿತ್ರವೊಂದಕ್ಕೆ ಕೈಹಾಕಿದೆ. ನಿನಗೆ ಇಷ್ಟವಾದದ್ದು, ನಿನಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ದುಡ್ಡು ಹುಟ್ಟುವುದು. ನಾಲ್ಕೂ ಕೂಡುವ ನಡುಮಧ್ಯದಲ್ಲಿ ನಿನ್ನ ದಾರಿ ಇದೆಯಂತೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಟೀಲ್ ತಟ್ಟೆ ಇಟ್ಟು ವೃತ್ತ ಎಳೆದೆ. 'ಇಷ್ಟವಾದದ್ದು' ಎಂಬಲ್ಲಿ ಮಧ್ಯಾಹ್ನದ ನಿದ್ದೆ ಎಂದು ಬರೆದೆ. 'ಚೆನ್ನಾಗಿ ಬರುವುದು' ಏನೆಂದು ತಿಳಿಯದೆ ನನ್ನಾಕೆಯನ್ನು ಕೇಳಿದೆ. "ಹೇಳಿದ ಸಾಮಾನು ಒಂದು ಬಿಟ್ಟು ಮಿಕ್ಕಿದ್ದೆಲ್ಲ ತರೋದು" ಎಂದಳು. ಲೋಕಕ್ಕೆ ಬೇಕಾದದ್ದನ್ನು ಯೋಚಿಸುತ್ತಿರುವಾಗ ಅವಳೇ ಬಂದು ಕಾಫಿ ಲೋಟವನ್ನು ಸರಿಯಾಗಿ ನಡುಮಧ್ಯಕ್ಕೆ ಇಟ್ಟು ಹೋದಳು.

ಇನ್ನೊಂದೇ ದಾರಿ ಉಳಿದಿತ್ತು. ಧೈರ್ಯವಾಗಿ ಬಿಟ್ಟುಬಿಡುವುದು. "ಕೈಲಾಸಂ ನೋಡು" ಎಂದೆ ನನ್ನಾಕೆಗೆ, "ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿಕೊಂಡು ಬಂದವರು. ಮೈಸೂರು ಸರ್ಕಾರದ ಒಳ್ಳೇ ಕೆಲಸ. ಬಿಟ್ಟು ನಾಟಕ ಬರೆದರು. ನಾನೂ ಯಾಕೆ..."

"ಕೈಲಾಸಂ ಅವರ ತಂದೆ ಮೈಸೂರು ಸಂಸ್ಥಾನದಲ್ಲಿ ಜಡ್ಜು" ಎಂದಳು ಬೀನ್ಸ್ ನಾರು ತೆಗೆಯುತ್ತ. "ನಿಮ್ಮ ಮನೆ ಲೋನು ಇನ್ನೂ ಇದೆ."

ಇತಿಹಾಸ ಓದಿದ ಹೆಂಗಸನ್ನು ಮದುವೆಯಾಗಬಾರದು.

ಅಷ್ಟರಲ್ಲಿ ಆಪ್ಷನ್ ಎಂಟ್ರಿ ಬಂತು. ಕನ್ನಡನಾಡಿನ ಅಪ್ಪಂದಿರ ಕೂದಲು ಉದುರಿಸುವ ಹಂತ ಇದು. ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಒಂದರ ಕೆಳಗೊಂದು ಜೋಡಿಸಬೇಕು. ಮೇಲಿನದು ಸಿಕ್ಕಿಬಿಟ್ಟರೆ ಕೆಳಗಿನದನ್ನು ಕೇಳುವವರೇ ಇಲ್ಲ. ಅಂದರೆ ಕ್ರಮದಲ್ಲೇ ಇದೆ ಹಣೆಬರಹ. ಪುಟ್ಟಿ ಮಂಗಳೂರಿನ ಫಿಶರೀಸನ್ನು ತಲೆಯಲ್ಲಿಟ್ಟು, ನನ್ನ ಸಮಾಧಾನಕ್ಕೆ ಕಂಪ್ಯೂಟರ್ ಸೈನ್ಸನ್ನು ಎಲ್ಲೋ ಕೆಳಗೆ ಹಾಕಿ, ಕೃಷಿ, ಅರಣ್ಯ ಎಂದು ಏನೇನೋ ಸೇರಿಸಿ ಮಲಗಿದಳು.

ಎಲ್ಲರೂ ಗೊರಕೆ ಹೊಡೆದ ಮೇಲೆ ನಾನು ಎದ್ದೆ. ಮೊಬೈಲ್ ನಂಬರ್ ನನ್ನದೇ, ಓಟಿಪಿ ಬರುವುದು ನನಗೇ. ಅಪ್ಪಂದಿರಿಗೆ ಈ ಕಾಲದಲ್ಲಿ ಉಳಿದಿರುವ ಅಧಿಕಾರ ಅದೊಂದೇ. ದೀಪ ಹಾಕಿದರೆ ಸಿಕ್ಕಿಬೀಳುವೆನೆಂದು ಕತ್ತಲಲ್ಲೇ, ಓದುವ ಕನ್ನಡಕವೂ ಸಿಗದೆ, ಕಂಪ್ಯೂಟರ್ ಸೈನ್ಸನ್ನು ಮೆಲ್ಲಗೆ ಮೇಲಕ್ಕೆ ತಂದು ಒಂದನೆಯ ಸ್ಥಾನದಲ್ಲಿ ಕೂರಿಸಿ ಬಂದು ಮಲಗಿದೆ. ತಂದೆಯ ಕರ್ತವ್ಯ ಮಾಡಿದ ತೃಪ್ತಿಯಿಂದ ಗಾಢ ನಿದ್ದೆ ಬಂತು.

ಮಾಕ್ ಅಲಾಟ್‌ಮೆಂಟ್ ಬಂದ ದಿನ ಪುಟ್ಟಿ ಕಿರುಚಿದಳು. ಮಾಕ್ ಎಂದರೆ ಅಣಕು ಹಂಚಿಕೆ. ಇದ್ದ ಕ್ರಮದಲ್ಲೇ ಬಿಟ್ಟರೆ ಏನು ಸಿಗಬಹುದು ಎಂದು ತೋರಿಸಿ, ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಕೊಡುತ್ತಾರೆ. ಅವಳಿಗೆ ಸಿಕ್ಕಿದ್ದು ಕಂಪ್ಯೂಟರ್ ಅಲ್ಲ, ಮೀನೂ ಅಲ್ಲ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು.

"ಇದನ್ನ ನಾನು ಲಾಸ್ಟಲ್ಲಿ ಇಟ್ಟಿದ್ದೆ! ಮೇಲಕ್ಕೆ ಹೇಗ್ ಬಂತು?"

"ಮೊನ್ನೆ ರಾತ್ರಿ ಕರೆಂಟ್ ಹೋಗಿ ಬಂತಲ್ಲ, ಅದಕ್ಕೇ ಇರಬೇಕು" ಎಂದೆ, ಪೇಪರಿನ ಹಿಂದಿನಿಂದ.

ಅತ್ತೆಯವರು ಮಾತ್ರ ಪ್ರಸನ್ನರಾದರು. "ರೇಷ್ಮೆ ಮಡಿಗೆ ಬಹಳ ಒಳ್ಳೇದು." ನನ್ನಾಕೆಯೂ ಒಂದು ಕ್ಷಣ ಶೂನ್ಯದಲ್ಲಿ ಸೀರೆ ನೋಡಿದಳು. ಪುಟ್ಟಿ ಯಾರೊಂದಿಗೂ ಜಗಳವಾಡಲಿಲ್ಲ. ನನ್ನ ಫೋನನ್ನು ಕೇಳಿ ತೆಗೆದುಕೊಂಡು, ಪಟ್ಟಿಯನ್ನು ಮೊದಲಿನಂತೆ ಮಾಡಿ, ಆಪ್ಷನ್ ಎಂಟ್ರಿ ಮುಗಿಯುವವರೆಗೆ ಆ ಫೋನನ್ನು ತನ್ನ ದಿಂಬಿನ ಕೆಳಗಿಟ್ಟುಕೊಂಡಳು. ಆಫೀಸಿನಿಂದ ಫೋನ್ ಬಂದರೆ "ಅಪ್ಪ ಸ್ನಾನಕ್ಕೆ ಹೋಗಿದಾರೆ" ಎನ್ನುತ್ತಿದ್ದಳು. ಇಷ್ಟು ಸ್ನಾನ ಮಾಡುವ ಮನುಷ್ಯನಿಗೆ ಆರೋಗ್ಯ ಸರಿಯಿಲ್ಲವೇನೋ ಎಂದು ನನ್ನ ಮ್ಯಾನೇಜರ್, ಅಂದರೆ ನಾನು ವೋಚರ್ ಅಂಟಿಸಲು ಕಲಿಸಿದ ಹುಡುಗ, ಕರೆದು ವಿಚಾರಿಸಿದ.

ನಿಜವಾದ ಸುತ್ತಿನಲ್ಲಿ ಮಂಗಳೂರು ಸಿಕ್ಕಿತು. ನೆಂಟರಿಗೆಲ್ಲ ನಾನೇ ಫೋನ್ ಮಾಡಿ, ಹುಡುಗಿಗೆ ಮೀನಿನ ಹುಚ್ಚು ಹಿಡಿಸಿದ ತೊಟ್ಟಿ ತಂದವನು ನಾನು, ಅವು ಸಾಯದೇ ಇದ್ದಿದ್ದರೆ ಅವಳಿಗೆ ಅಮೋನಿಯದ ಸುದ್ದಿಯೇ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಈ ಕೆರಿಯರಿಗೆ ದಾರಿ ತೋರಿಸಿದವನು ನಾನೇ ಎಂದು ತಿಳಿಸಿದೆ. ಯಾರೂ ಒಪ್ಪಲಿಲ್ಲ. ಯಾರೂ ನಿರಾಕರಿಸಲೂ ಇಲ್ಲ, ಅಷ್ಟರಲ್ಲಿ ಫೋನ್ ಇಟ್ಟಿದ್ದರು.

ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಅತ್ತೆಯವರಿಗೆ ಅದನ್ನು ವಿವರಿಸುವ ಹೊಣೆಯನ್ನಾದರೂ ನನಗೆ ಬಿಟ್ಟಿದ್ದರು. "ನೋಡಿ ಅತ್ತೆ, ಚಾಯ್ಸ್ 1 ಅಂದ್ರೆ ಸೀಟು ಒಪ್ಪಿಗೆ, ಹೋಗಿ ಸೇರ್ಕೊತೀನಿ ಅಂತ. ಚಾಯ್ಸ್ 2 ಅಂದ್ರೆ ಸದ್ಯಕ್ಕೆ ಇದನ್ನ ಇಟ್ಕೊಂಡಿರ್ತೀನಿ, ಮುಂದಿನ ಸುತ್ತಲ್ಲಿ ಇದಕ್ಕಿಂತ ಒಳ್ಳೇದು ಸಿಕ್ಕಿದ್ರೆ ಅದನ್ನ ತಗೋತೀನಿ ಅಂತ. ಚಾಯ್ಸ್ 3, ಇದು ಬೇಡ, ಮುಂದಿನ ಸುತ್ತಿಗೆ ಕಾಯ್ತೀನಿ. ಚಾಯ್ಸ್ 4, ಇದೂ ಬೇಡ, ನಿಮ್ಮ ಸಹವಾಸವೂ ಬೇಡ."

ಪುಟ್ಟಿ ಒಂದು ಕ್ಷಣವೂ ಯೋಚಿಸದೆ ಚಾಯ್ಸ್ 1 ಒತ್ತಿದಳು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಆಫೀಸಿನಲ್ಲಿ ನಾನು ಸೇರಿದ ದಿನದಿಂದ ಕೂತಿರುವುದು ಚಾಯ್ಸ್ 2ರಲ್ಲಿ. ಇಷ್ಟು ಖಚಿತವಾಗಿ ಯಾವುದನ್ನೂ ಒತ್ತಿದವನಲ್ಲ ನಾನು, ಲಿಫ್ಟಿನ ಬಟನ್ ಕೂಡ. ಆದರೆ ನನ್ನನ್ನು ಯಾರೋ ಒಬ್ಬರು ಖಚಿತವಾಗಿ ಒತ್ತಿದ್ದಾರಲ್ಲ ಎಂದು ನೆನಪಾಗಿ, ಟವಲ್ ಒಣಹಾಕುತ್ತಿದ್ದ ನನ್ನಾಕೆಯ ಬಳಿ ಹೋಗಿ, ದನಿ ಸ್ವಲ್ಪ ಮೆತ್ತಗೆ ಮಾಡಿ ಕೇಳಿದೆ:

"ಅವತ್ತು ನಾನು ನಿನ್ನ ನೋಡೋಕೆ ಬಂದು, ಉಪ್ಪಿಟ್ಟು ತಿಂದು ಹೋದ್ನಲ್ಲ, ಆಗ ನೀನು ಯಾವ ಚಾಯ್ಸ್ ಒತ್ತಿದ್ದೆ?"

ಅವಳು ಟವಲ್ಲನ್ನು ಒಮ್ಮೆ ಜೋರಾಗಿ ಕೊಡವಿದಳು.

"ಚಾಯ್ಸ್ 2 ರೀ. ನಮ್ಮಪ್ಪ ಮುಂದಿನ ಸುತ್ತು ನಡೆಸಲೇ ಇಲ್ಲ."